ಕಾಫಿ ಕಣದ ಪಕ್ಕ ಹಲಗೆ ಒಣಗಿಸುವ ಮನೆ

ಮಾರ್ಚ್ ಮೊದಲ ವಾರ ಬೆಂಗಳೂರಿನಿಂದ ಒಂದು ಫೋಟೋ ಬಂತು. ಹಿಂದಿನ ಆಗಸ್ಟ್‌ನಲ್ಲಿ ನಾವು ಮಾಡಿ ಕಳಿಸಿದ್ದ ಸಿಲ್ವರ್ ಓಕ್ ಮರದ ಊಟದ ಮೇಜು. ಮೇಲಿನ ಹಲಗೆ ಒಂದು ತುದಿಯಿಂದ ನಡುವಿನವರೆಗೂ ಸೀಳಿತ್ತು. ಸೀಳು ಎಷ್ಟು ಅಗಲ ಅಂತ ಗೊತ್ತಾಗಲಿ ಎಂದು ಅದರೊಳಗೆ ಒಂದು ರೂಪಾಯಿ ನಾಣ್ಯ ನಿಲ್ಲಿಸಿ ಫೋಟೋ ತೆಗೆದಿದ್ದರು. ಅವರು ಬೈಯಲಿಲ್ಲ. "ಇದು ಸರಿ ಹೋಗುತ್ತಾ?" ಅಂತ ಮಾತ್ರ ಕೇಳಿದರು. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ನಮ್ಮದು ಮೂಡಿಗೆರೆ ತಾಲ್ಲೂಕು, ಬಣಕಲ್ ಕಡೆ. ಹನ್ನೊಂದು ಎಕರೆ ಕಾಫಿ. ಜಾಸ್ತಿ ಅರೇಬಿಕಾ, ಹಳ್ಳದ ಬದಿಗೆ ಸ್ವಲ್ಪ ರೋಬಸ್ಟಾ. ತೋಟ ನೋಡಿಕೊಳ್ಳುವುದು ಅಣ್ಣ. ಮರಗೆಲಸ ನನ್ನದು ಮತ್ತು ಅತ್ತಿಗೆಯದು. ಕಾಫಿ ಹಣ್ಣಿನ ಸಿಪ್ಪೆ ಸುಲಿಯುತ್ತಿದ್ದ ಹಳೇ ಪಲ್ಪರ್ ಮನೆಯನ್ನೇ ಶೆಡ್ ಮಾಡಿಕೊಂಡಿದ್ದೇವೆ. ನಮ್ಮ ಮನೆಯ ಬಾಗಿಲು, ಕಿಟಕಿ ಎಲ್ಲ ಮಾಡಿದ ಆಚಾರ್ರು ವಾರಕ್ಕೆ ಮೂರು ದಿನ ಬರುತ್ತಾರೆ. ವಯಸ್ಸು ಎಪ್ಪತ್ತು ದಾಟಿದೆ. ಇವತ್ತಿಗೂ ಅವರು ಕೀಸುಳಿ ಹಿಡಿದರೆ ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ ಎದ್ದು ಬರುತ್ತದೆ.

ಬೆಳಿಗ್ಗೆ ಅವರಿಗೆ ಫೋಟೋ ತೋರಿಸಿದೆ. ಕನ್ನಡಕ ಹಾಕಿಕೊಂಡು ಒಂದೇ ಸಲ ನೋಡಿ ಹೇಳಿದರು. "ಹಸಿ ಹಲಗೆಗೆ ಸ್ಕ್ರೂ ಬಿಗಿದ್ರೆ ಇನ್ನೇನಾಗುತ್ತೆ ಹೇಳಮ್ಮ. ಅದು ಕುಗ್ಗಲೇಬೇಕು. ನೀವು ಕುಗ್ಗೋಕೆ ಬಿಡಲಿಲ್ಲ, ಅದಕ್ಕೆ ಸೀಳ್ತು."

"ಮೂರು ತಿಂಗಳು ಅಟ್ಟದ ಮೇಲೆ ಒಣಗಿತ್ತಲ್ಲ ಆಚಾರ್ರೇ" ಅಂದೆ.

"ಯಾವ ಮೂರು ತಿಂಗಳು? ಜೂನು, ಜುಲೈ, ಆಗಸ್ಟು. ಆ ಮೂರು ತಿಂಗಳಲ್ಲಿ ನಿಮ್ಮನೆ ಒಗೆದ ಬಟ್ಟೆ ಒಣಗುತ್ತಾ?"

ಅಲ್ಲಿಂದ, ಬಿಸಿಲಿನ ಬಿಸಿಯಲ್ಲಿ ಹಲಗೆ ಒಣಗಿಸುವ ಗೂಡು ಕಟ್ಟುವ ಈ ಕೆಲಸ ಶುರುವಾಯಿತು. ಸಿಲ್ವರ್ ಓಕ್ ಇರುವ ತೋಟದವರು ಹಲವರು ನಮ್ಮ ಶೆಡ್ ನೋಡಲು ಬರುತ್ತಾರೆ, ಇದನ್ನೇ ಕೇಳುತ್ತಾರೆ. ಹಾಗಾಗಿ ನಾವು ಮಾಡಿದ್ದನ್ನು, ಎಲ್ಲಿ ತಪ್ಪಿದೆವು ಎನ್ನುವುದನ್ನೂ ಸೇರಿಸಿ ಬರೆದಿಡುತ್ತಿದ್ದೇನೆ.

ಮೇಜು ಯಾಕೆ ಸೀಳಿತು

ಮರ ಸುತ್ತಲಿನ ಗಾಳಿಗೆ ತಕ್ಕಂತೆ ನೀರು ಹೀರುತ್ತದೆ, ಬಿಡುತ್ತದೆ. ಕಡಿದು ಎಷ್ಟು ವರ್ಷವಾದರೂ ಇದು ನಿಲ್ಲುವುದಿಲ್ಲ. ಮಳೆಗಾಲದಲ್ಲಿ ನಮ್ಮ ಕಡೆಯ ಗಾಳಿಯಲ್ಲಿ ತೇವಾಂಶ ಶೇ 85–90. ಅಂಥ ಗಾಳಿಯಲ್ಲಿ ಇಟ್ಟ ಹಲಗೆಯ ತೇವ ಶೇ 18–20ಕ್ಕಿಂತ ಕೆಳಗೆ ಇಳಿಯುವುದೇ ಇಲ್ಲ. ಬೆಂಗಳೂರಿನ ಮಾರ್ಚ್ ಬಿಸಿಲಿನಲ್ಲಿ ಅದೇ ಹಲಗೆ ಶೇ 8ರ ಹತ್ತಿರ ಬಂದು ನಿಲ್ಲುತ್ತದೆ. ನಡುವಿನ ಹತ್ತು ಹನ್ನೊಂದರಷ್ಟು ನೀರು ಹೋಗುವಾಗ ಹಲಗೆ ಅಗಲದಲ್ಲಿ ಕುಗ್ಗುತ್ತದೆ. ಉದ್ದದಲ್ಲಿ ಕುಗ್ಗುವುದು ಲೆಕ್ಕಕ್ಕೆ ಬಾರದಷ್ಟು ಕಡಿಮೆ. ಅದೂ ಎಲ್ಲ ಹಲಗೆ ಒಂದೇ ಥರ ಅಲ್ಲ. ಸಿಲ್ವರ್ ಓಕ್‌ನಲ್ಲಿ ತಿರುಳಿನಿಂದ ತೊಗಟೆ ಕಡೆಗೆ ಕುಗ್ಗುವುದಕ್ಕಿಂತ ಉಂಗುರದ ಗುಂಟ ಕುಗ್ಗುವುದು ಎರಡು ಪಟ್ಟಿಗೂ ಜಾಸ್ತಿ. ನಮ್ಮ ಮೇಜು 36 ಇಂಚು ಅಗಲ. ಲೆಕ್ಕ ಹಾಕಿದರೆ ಅದು ಅರ್ಧದಿಂದ ಮುಕ್ಕಾಲು ಇಂಚು ಕುಗ್ಗಬೇಕಿತ್ತು. ಕೆಳಗಿನ ಚೌಕಟ್ಟಿಗೆ 14 ಸ್ಕ್ರೂ ಹಾಕಿ ಹಿಡಿದಿಟ್ಟಿದ್ದೆವು. ಎಲ್ಲಿಗೆ ಹೋಗುತ್ತದೆ ಅದು?

ಇದರಲ್ಲಿ ನನಗೆ ನೋವಾದ ವಿಷಯ ಒಂದಿದೆ. ಕಾಫಿ ಬೆಳೆಯುವ ಮನೆಯವರಿಗೆ ತೇವಾಂಶ ಅಂದರೆ ಏನು ಅಂತ ಯಾರೂ ಹೇಳಿಕೊಡಬೇಕಿಲ್ಲ. ಪಾರ್ಚ್‌ಮೆಂಟ್, ಅಂದರೆ ಹಣ್ಣಿನ ಸಿಪ್ಪೆ ತೆಗೆದು ತೊಳೆದ ಕಾಫಿ ಬೀಜ, ಶೇ ಹತ್ತಕ್ಕೆ ಬರುವವರೆಗೆ ಕಣದಿಂದ ಎತ್ತುವುದಿಲ್ಲ. ಮೆಣಸೂ ಅಷ್ಟೆ. ಹತ್ತಿಪ್ಪತ್ತು ಕಿಲೋ ಮೆಣಸಿಗೆ ಅಷ್ಟು ಜೋಪಾನ ಮಾಡುವ ನಾವು, ಅಜ್ಜ ನೆಟ್ಟ ಮೂವತ್ತು ವರ್ಷದ ಮರದ ಹಲಗೆಯನ್ನು ಅಳೆಯದೆ ಸುಮ್ನೆ ಕೆಲಸಕ್ಕೆ ತೆಗೆದುಕೊಂಡಿದ್ದೆವು.

ಮರ

ಸಿಲ್ವರ್ ಓಕ್ ಆಸ್ಟ್ರೇಲಿಯಾ ಮೂಲದ ಮರ. ಕಾಫಿಗೆ ನೆರಳು, ಮೆಣಸಿನ ಬಳ್ಳಿಗೆ ಆಸರೆ ಅಂತ ನಮ್ಮ ಕಡೆ ಎಲ್ಲ ತೋಟದಲ್ಲೂ ಇದೆ. 1976ರ ಮರಗಳ ಸಂರಕ್ಷಣಾ ಕಾಯ್ದೆಯಲ್ಲಿ ಕಡಿಯಲು ಅನುಮತಿ ಬೇಡದ ಮರಗಳ ಪಟ್ಟಿಯಲ್ಲಿ ಇದೂ ಸೇರಿದೆ. ಬೀಟೆ, ತೇಗ ಹಾಗಲ್ಲ, ಅವಕ್ಕೆ ಅನುಮತಿ ಬೇಕೇ ಬೇಕು. ಅವನ್ನು ನಾವು ಮುಟ್ಟುವುದಿಲ್ಲ. ವ್ಯಾಪಾರಿಗಳು ಬಂದು ನಿಂತ ಮರಕ್ಕೇ ಬೆಲೆ ಕಟ್ಟಿ ಒಯ್ಯುತ್ತಾರೆ. ಹೆಚ್ಚಿನದು ಪ್ಲೈವುಡ್ಡಿಗೆ, ಪ್ಯಾಕಿಂಗ್ ಪೆಟ್ಟಿಗೆಗೆ ಹೋಗುತ್ತದೆ. ಆದರೆ ಈ ಮರವನ್ನು ಸರಿಯಾದ ದಿಕ್ಕಿನಲ್ಲಿ ಸೀಳಿ ನೋಡಿ. ಮೈತುಂಬ ಹೊಳೆಯುವ ಚುಕ್ಕೆ ಏಳುತ್ತದೆ, ಮೀನಿನ ಹುರುಪೆಯ ಹಾಗೆ. ಅದನ್ನು ಮೊದಲ ಸಲ ಕೀಸಿ ನೋಡಿದ ದಿನವೇ ನಾನು ಈ ಕೆಲಸ ಹಿಡಿಯಬೇಕು ಅಂತ ತೀರ್ಮಾನ ಮಾಡಿದ್ದು.

ಎಷ್ಟು ಮರ ಕಡಿಯಬೇಕು ಎನ್ನುವುದು ಅಣ್ಣನ ಮಾತು. ಅದರಲ್ಲಿ ನಾನು ತಲೆ ಹಾಕುವುದಿಲ್ಲ. ನೆರಳು ತೆಳುವಾದರೆ ಅರೇಬಿಕಾಕ್ಕೆ ಬಿಳಿ ಕಾಂಡಕೊರಕ ಬರುತ್ತದೆ. ಆ ಹುಳ ಬಿಸಿಲು ಬೀಳುವ ಕಾಂಡವನ್ನೇ ಹುಡುಕಿ ಮೊಟ್ಟೆ ಇಡುತ್ತದೆ. ಹಾಗಾಗಿ ಒತ್ತೊತ್ತಾಗಿ ಬೆಳೆದ ಕಡೆ ಮಾತ್ರ, ವರ್ಷಕ್ಕೆ ನಾಲ್ಕೇ ಮರ. ನಮ್ಮ ವ್ಯವಹಾರದ ಅಳತೆ ಅಲ್ಲಿಗೆ ನಿಂತಿತು. ಆರ್ಡರ್ ಜಾಸ್ತಿ ಬಂದರೂ ಮರ ಜಾಸ್ತಿ ಆಗುವುದಿಲ್ಲ.

ಫೋಟೋ ಬರುವ ಹೊತ್ತಿಗೆ ಆ ವರ್ಷದ ನಾಲ್ಕು ಮರ ಉರುಳಿ ಆಗಿತ್ತು. ಫೆಬ್ರವರಿಯಲ್ಲಿ ಕಡಿಯುತ್ತೇವೆ. ಅರೇಬಿಕಾ ಕೊಯ್ಲು ಮುಗಿದಿರುತ್ತದೆ, ಕಾಫಿ ಹೂ ಅರಳಿಸುವ ಹೂಮಳೆ ಇನ್ನೂ ಬಂದಿರುವುದಿಲ್ಲ. ಮರಗಸಿ ಮಾಡುವವರೇ, ಅಂದರೆ ನೆರಳಿನ ಮರದ ಕೊಂಬೆ ಸವರುವವರೇ, ಹತ್ತಿ ಕೊಂಬೆ ಇಳಿಸಿ, ಹಗ್ಗ ಕಟ್ಟಿ ಎರಡು ಕಾಫಿ ಸಾಲಿನ ನಡುವೆ ಬೀಳಿಸುತ್ತಾರೆ. ಆದರೂ ನಾಲ್ಕೈದು ಗಿಡ ಮುರಿದೇ ಮುರಿಯುತ್ತವೆ. ಬಿದ್ದ ದಿನವೇ ದಿಮ್ಮಿಯ ಎರಡೂ ತುದಿಗೆ ಹಳೇ ಎಣ್ಣೆ ಪೇಂಟ್ ದಪ್ಪಗೆ ಬಳಿದೆವು. ತುದಿಯಿಂದ ನೀರು ಬೇಗ ಹೋಗುತ್ತದೆ, ಬಿರುಕು ಅಲ್ಲಿಂದಲೇ ಶುರುವಾಗುತ್ತದೆ. ಒಂದು ವಾರ ಬಿಟ್ಟು ಬಳಿದರೆ ಪ್ರಯೋಜನವಿಲ್ಲ.

ಎಂಟೂವರೆ ಅಡಿಯ ಹನ್ನೆರಡು ದಿಮ್ಮಿ. ಸರಾಸರಿ ಸುತ್ತಳತೆ ನಾಲ್ಕು ಅಡಿ. ಸುತ್ತಳತೆಯ ಕಾಲು ಭಾಗವನ್ನು ಅದರಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸಿದರೆ ವ್ಯಾಪಾರದ ಲೆಕ್ಕ. 102 ಸಿಎಫ್‌ಟಿ, ಅಂದರೆ ಘನ ಅಡಿ, ಬಂತು. ಈ ಲೆಕ್ಕದಲ್ಲಿ ದಿಮ್ಮಿಯ ನಿಜವಾದ ಗಾತ್ರಕ್ಕಿಂತ ಐದನೇ ಒಂದು ಭಾಗದಷ್ಟು ಕಡಿಮೆ ಸಿಗುತ್ತದೆ. ಮರ ಮಾರುವ ರೈತರು ಇದನ್ನು ತಿಳಿದಿರಬೇಕು. ಲೈಸೆನ್ಸ್ ಇರುವ ಸಾಮಿಲ್ಲಿಗೆ ಸಾಗಿಸಿ 28 ಮಿಲಿಮೀಟರ್ ದಪ್ಪಕ್ಕೆ ಸೀಳಿಸಿದೆವು. ಸಿಕ್ಕಿದ್ದು 54 ಸಿಎಫ್‌ಟಿ ಹಲಗೆ. ಒಂದು ದಿಮ್ಮಿಯಲ್ಲಿ ಯಾವುದೋ ಕಾಲದ ಬೇಲಿ ಮೊಳೆ ಸಿಕ್ಕಿ ಬ್ಲೇಡು ಹೋಯಿತು, ಅದರ ದುಡ್ಡು ನಾವೇ ಕೊಟ್ಟೆವು. ಈಗ ಮರ ಗುರುತು ಹಾಕುವಾಗಲೇ ಬುಡದ ಐದಡಿ ತೊಗಟೆ ಕೆರೆದು ನೋಡುತ್ತೇವೆ.

ಕುಟ್ಟೆಗೆ ಮದ್ದು

ಸಿಲ್ವರ್ ಓಕ್‌ಗೆ ಕುಟ್ಟೆ, ಅಂದರೆ ಮರ ಕೊರೆಯುವ ಹುಳ, ಹಿಡಿಯುವುದು ಬಲು ಬೇಗ. ಗೋಧಿ ಹಿಟ್ಟಿನ ಹಾಗೆ ನುಣ್ಣನೆ ಪುಡಿ ಉದುರಲು ಶುರುವಾದರೆ ಒಳಗೆ ಆಗಲೇ ಹುಳ ಓಡಾಡಿದೆ ಅಂತ ಅರ್ಥ. ಗಟ್ಟಿ ಬಿಸಿಲಿನ ಗೂಡಿನಲ್ಲಿ ಇಟ್ಟರೂ ಹುಳ ಖಂಡಿತ ಸಾಯುತ್ತದೆ ಅಂತ ನಂಬುವ ಹಾಗಿಲ್ಲ. ಹಾಗಾಗಿ ಹಲಗೆ ಹಸಿಯಾಗಿರುವಾಗಲೇ ಬೋರಾನ್ ಕುಡಿಸಬೇಕು.

ನೂರು ಲೀಟರ್ ನೀರಿಗೆ 6 ಕಿಲೋ ಬೊರಾಕ್ಸ್, 4 ಕಿಲೋ ಬೋರಿಕ್ ಆ್ಯಸಿಡ್. ತಣ್ಣೀರಿನಲ್ಲಿ ಪೂರ್ತಿ ಕರಗುವುದಿಲ್ಲ, ಬಚ್ಚಲ ಹಂಡೆಯ ಬಿಸಿನೀರು ಬಳಸಿದೆವು. ಹಳೇ ಡ್ರಮ್ಮುಗಳನ್ನು ಉದ್ದಕ್ಕೆ ಸೀಳಿ ಬೆಸುಗೆ ಹಾಕಿಸಿ ಒಂದು ತೊಟ್ಟಿ ಮಾಡಿದ್ದೆವು. ಪ್ರತಿ ಹಲಗೆಯನ್ನೂ ಕೆಲವು ನಿಮಿಷ ಅದ್ದಿ, ನಡುವೆ ಸಂದಿ ಬಿಡದೆ ಒಂದರ ಮೇಲೊಂದು ಒತ್ತಾಗಿ ಪೇರಿಸಿ, ಪ್ಲಾಸ್ಟಿಕ್ಕಿನಲ್ಲಿ ಗಾಳಿಯಾಡದಂತೆ ಸುತ್ತಿಟ್ಟೆವು. ನಾಲ್ಕು ವಾರ ಹಾಗೇ ಬಿಡಬೇಕು. ಮೇಲಿನ ಬೋರಾನ್ ಒಳಗಿನ ನೀರಿನ ಜೊತೆ ನಿಧಾನವಾಗಿ ತಿರುಳಿಗೆ ಇಳಿಯುತ್ತದೆ. ಒಣಗಿದ ಹಲಗೆಗೆ ಬಳಿದರೆ ಮೇಲ್ಮೈಯಲ್ಲೇ ನಿಲ್ಲುತ್ತದೆ, ಅದು ಸುಮ್ನೆ ಸಮಾಧಾನಕ್ಕೆ.

ಮೂರು ಎಚ್ಚರ ಹೇಳಲೇಬೇಕು. ಮಳೆಗೆ ಇದು ತೊಳೆದು ಹೋಗುತ್ತದೆ, ಆದ್ದರಿಂದ ಮನೆಯೊಳಗಿನ ಸಾಮಾನಿಗೆ ಮಾತ್ರ. ತರಕಾರಿ ಹೆಚ್ಚುವ ಮಣೆಗೆ ಈ ಹಲಗೆ ಬಳಸಬೇಡಿ, ನಾವು ಮಣೆಯನ್ನು ಮದ್ದು ಹಾಕದ ಹಲಸಿನಲ್ಲಿ ಮಾಡುತ್ತೇವೆ. ಉಳಿದ ನೀರನ್ನು ಗಿಡದ ಬುಡಕ್ಕೆ ಚೆಲ್ಲಬೇಡಿ. ಬೋರಾನ್ ಚೂರು ಇದ್ದರೆ ಗಿಡಕ್ಕೆ ಒಳ್ಳೆಯದು, ಜಾಸ್ತಿಯಾದರೆ ವಿಷ. ನಾವು ಮುಚ್ಚಿಟ್ಟು ಮುಂದಿನ ಸಲಕ್ಕೆ ಬಳಸುತ್ತೇವೆ.

ಗೂಡು ಕಟ್ಟಿದ್ದು

ಆ ನಾಲ್ಕು ವಾರ ಸಿಕ್ಕಿತಲ್ಲ, ಅಷ್ಟರಲ್ಲಿ ಗೂಡು ಕಟ್ಟಿ ಮುಗಿಸಬೇಕಿತ್ತು. ಜಾಗದ ಬಗ್ಗೆ ಚರ್ಚೆಯೇ ಆಗಲಿಲ್ಲ. ಇಡೀ ತೋಟದಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ಬಿಸಿಲು ಬೀಳುವ ಜಾಗ ಒಂದೇ, ಕಾಫಿ ಕಣ. ಅದರ ಉತ್ತರದ ಅಂಚಿನಲ್ಲಿ 12 ಅಡಿ ಉದ್ದ, 7 ಅಡಿ ಅಗಲ ಗುರುತು ಹಾಕಿದೆವು. "ಕಣಕ್ಕೆ ನೆರಳು ಬೀಳಬಾರದು" ಅಂತ ಅಪ್ಪ ಒಂದೇ ಷರತ್ತು ಹಾಕಿದರು.

ಉತ್ತರದ ಗೋಡೆ 8 ಅಡಿ, ದಕ್ಷಿಣದ್ದು ಐದೂವರೆ. ಸೂರು ದಕ್ಷಿಣಕ್ಕೆ ಇಳಿಜಾರು, ಸುಮಾರು 20 ಡಿಗ್ರಿ. ನಾವಿರುವುದು 13 ಡಿಗ್ರಿ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ, ಆಗ ಇಳಿಜಾರು ಎಷ್ಟಿದ್ದರೂ ದೊಡ್ಡ ವ್ಯತ್ಯಾಸವಿಲ್ಲ. ಡಿಸೆಂಬರ್, ಜನವರಿಯ ಓರೆ ಬಿಸಿಲಿಗೆ ಮತ್ತು ಮಳೆ ನೀರು ಜಾರುವುದಕ್ಕೆ ಇಷ್ಟು ಬೇಕು. ಕಂಬ, ತೊಲೆ ಎಲ್ಲ ನಮ್ಮದೇ ಮರ. ಗೋಡೆಗೆ ಸಾಮಿಲ್ಲಿನಿಂದ ವಾಪಸ್ ತಂದ ತೊಗಟೆ ಸಿಪ್ಪೆಯ ಹಲಗೆ, ಒಳಗಡೆ ಪ್ಲಾಸ್ಟಿಕ್ ಹಾಳೆ. ನೆಲಕ್ಕೆ ಎರಡು ಪದರ ಹಲಗೆ ಹಾಕಿ ನಡುವೆ ಭತ್ತದ ಹೊಟ್ಟು ತುಂಬಿದೆವು. ಬಿಸಿ ನೆಲಕ್ಕೆ ಸೋರಬಾರದು, ನೆಲದ ತೇವ ಮೇಲಕ್ಕೆ ಬರಬಾರದು. ಸೂರಿಗೆ ಪಾಲಿಹೌಸ್‌ಗೆ ಹಾಕುವ 200 ಮೈಕ್ರಾನ್ ಹಾಳೆ. ಸಾಮಾನ್ಯ ಪ್ಲಾಸ್ಟಿಕ್ ಹಾಕಿದರೆ ಒಂದೇ ಬೇಸಿಗೆಗೆ ಪುಡಿಯಾಗುತ್ತದೆ.

ಒಳಗೆ ಇರುವ ಮುಖ್ಯ ಭಾಗ ಅಟ್ಟ. ಹಲಗೆ ಪೇರಿಸುವ ಜಾಗದ ಮೇಲೆ ಕಪ್ಪು ಬಣ್ಣ ಬಳಿದ ತಗಡಿನ ಅಟ್ಟ ಮಾಡಿದೆವು. ಹಾಳೆಯಿಂದ ಇಳಿದ ಬಿಸಿಲು ಈ ತಗಡಿಗೆ ಬಡಿದು, ಅಟ್ಟದ ಮೇಲಿನ ಗಾಳಿ ಕಾಯುತ್ತದೆ. ಅಲ್ಲೇ ನಿಲ್ಲಿಸಿದ ಎರಡು ಫ್ಯಾನು ಆ ಬಿಸಿ ಗಾಳಿಯನ್ನು ಉತ್ತರದ ಗೋಡೆ ಬದಿಗೆ ತಳ್ಳುತ್ತವೆ. ಗಾಳಿ ಕೆಳಗಿಳಿದು, ಹಲಗೆಗಳ ಸಂದಿಯಲ್ಲಿ ನುಗ್ಗಿ, ದಕ್ಷಿಣದ ಬದಿಯಲ್ಲಿ ಮೇಲೆದ್ದು ಮತ್ತೆ ಅಟ್ಟಕ್ಕೆ ಬರುತ್ತದೆ. ಉತ್ತರದ ಗೋಡೆಯಲ್ಲಿ ಮುಚ್ಚಿ ತೆಗೆಯುವ ನಾಲ್ಕು ಕಿಂಡಿ. ಹಸಿ ಗಾಳಿ ಹೊರಗೆ ಹೋಗುವುದಕ್ಕೆ, ಹೊಸ ಗಾಳಿ ಒಳಗೆ ಬರುವುದಕ್ಕೆ.

ಫ್ಯಾನಿಗೆ ಮನೆ ಕರೆಂಟು ಕೊಡಲಿಲ್ಲ. ಎರಡು ಸೋಲಾರ್ ಪ್ಯಾನೆಲ್‌ನಿಂದ ನೇರ ತಂತಿ. ಬ್ಯಾಟರಿ ಇಲ್ಲ. ಬಿಸಿಲು ಬಂದರೆ ತಿರುಗುತ್ತವೆ, ಮೋಡ ಬಂದರೆ ನಿಧಾನ, ಸಂಜೆಗೆ ನಿಲ್ಲುತ್ತವೆ. ರಾತ್ರಿ ನಿಲ್ಲುವುದು ಒಳ್ಳೆಯದೇ. ಹಗಲು ಹಲಗೆಯ ಮೈ ಬೇಗ ಒಣಗಿ ಬಿಗಿಯುತ್ತದೆ, ಒಳಗೆ ಇನ್ನೂ ಹಸಿ ಇರುತ್ತದೆ. ರಾತ್ರಿ ಗೂಡು ತಣ್ಣಗಾದಾಗ ಮೈಗೆ ಸ್ವಲ್ಪ ತೇವ ಮರಳಿ ಆ ಬಿಗಿ ಸಡಿಲುತ್ತದೆ. ಹಗಲು ರಾತ್ರಿ ಬೆಂಕಿ ಉರಿಸುವ ದೊಡ್ಡ ಕಾರ್ಖಾನೆಯ ಗೂಡಿನಲ್ಲಿ ಇದನ್ನೇ ಹಬೆ ಬಿಟ್ಟು ಮಾಡಬೇಕಾಗುತ್ತದೆ.

ಎಲ್ಲ ಜೋಡಿಸಿ ಫ್ಯಾನು ಹಾಕಿದಾಗ ಗಾಳಿ ಜೋರಾಗಿಯೇ ಇತ್ತು. ಅತ್ತಿಗೆಗೆ ಅನುಮಾನ. "ಈ ಗಾಳಿ ಹಲಗೆ ಸಂದಿಗೆ ಹೋಗ್ತಾ ಇದೆಯಾ, ಪಕ್ಕದಿಂದ ಸುತ್ತಿ ಹೋಗ್ತಾ ಇದೆಯಾ?" ಅಂದರು. ದೇವರ ಮನೆಯಿಂದ ಊದುಬತ್ತಿ ತಂದು ಒಳಗೆ ಹಿಡಿದು ಕೂತರು. ಹೊಗೆ ಸಂದಿಗೆ ಹೋಗಲೇ ಇಲ್ಲ. ಪೇರಿಕೆಯ ಎರಡು ತುದಿಯ ಖಾಲಿ ಜಾಗದಲ್ಲಿ, ಮೇಲಿನ ಅಟ್ಟದ ಕೆಳಗೆ ಸಲೀಸಾಗಿ ಸುತ್ತಿಕೊಂಡು ಹೋಗುತ್ತಿತ್ತು. ಗಾಳಿ ಯಾವಾಗಲೂ ಸುಲಭದ ದಾರಿ ಹಿಡಿಯುತ್ತದೆ. ಕಾಫಿ ಮುಚ್ಚುವ ಹಳೇ ಟಾರ್ಪಾಲು ಕತ್ತರಿಸಿ ಎರಡು ತುದಿಗೂ, ಅಟ್ಟದ ಅಂಚಿಗೂ ಪರದೆ ಇಳಿಬಿಟ್ಟೆವು. ಮತ್ತೆ ಊದುಬತ್ತಿ. ಈ ಸಲ ಹೊಗೆ ಎಳೆ ಎಳೆಯಾಗಿ ಹಲಗೆಗಳ ನಡುವೆ ನುಗ್ಗಿತು. ಇಡೀ ಕೆಲಸದಲ್ಲಿ ಇದಕ್ಕೆ ಖರ್ಚಾದ್ದು ಸೊನ್ನೆ, ಸಿಕ್ಕ ಲಾಭ ಎಲ್ಲಕ್ಕಿಂತ ಜಾಸ್ತಿ.

ಹಾಳೆ, ತಗಡು, ಫ್ಯಾನು, ಪ್ಯಾನೆಲ್, ಕೀಲು, ಮೊಳೆ ಸೇರಿ 47,000 ರೂಪಾಯಿ ಆಯಿತು. ಮರ ಮತ್ತು ಕೂಲಿ ನಮ್ಮದೇ.

ಮೊದಲ ಸಲ ತುಂಬಿದ್ದು, ಮೊದಲ ತಪ್ಪು

ಎಲ್ಲ ಹಲಗೆಯನ್ನೂ ಒಮ್ಮೆಲೇ ಹಾಕಿ ಕೆಟ್ಟರೆ ಏನು ಗತಿ ಎಂಬ ಹೆದರಿಕೆಯಿಂದ ಏಪ್ರಿಲ್ 8ಕ್ಕೆ 12 ಸಿಎಫ್‌ಟಿ ಮಾತ್ರ ಒಳಗಿಟ್ಟೆವು. ಎಚ್ಚರ ವಹಿಸಿದ್ದೇವೆ ಅಂದುಕೊಂಡಿದ್ದೆವು. ಅದೇ ತಪ್ಪಾಯಿತು. 96 ಚದರ ಅಡಿ ಸೂರಿನ ಬಿಸಿಯೆಲ್ಲ ಇಷ್ಟೇ ಹಲಗೆಯ ಮೇಲೆ ಬಿತ್ತು. ಹೊರಗೆ 31 ಡಿಗ್ರಿ ಇದ್ದ ಮಧ್ಯಾಹ್ನ ಒಳಗೆ 54 ತೋರಿಸಿತು. ಆರನೇ ದಿನಕ್ಕೆ ಹಲಗೆಯ ಮೈಮೇಲೆ ಕೂದಲೆಳೆಯ ಬಿರುಕು. ಆಚಾರ್ರು ಉಗುರಿನಿಂದ ಗೀರಿ ನೋಡಿ, "ಹೊರಗೆ ಒಣಗಿದೆ, ಒಳಗೆ ಹಸಿ. ಮೊದಲು ಬಿಸಿ ಕಮ್ಮಿ ಮಾಡಿ" ಅಂದರು.

ನರ್ಸರಿಗೆ ಹಾಕುವ ನೆರಳು ಬಲೆ ತಂದು ಸೂರಿನ ಅರ್ಧಕ್ಕೆ ಹೊದಿಸಿದೆವು. ಕಿಂಡಿಗಳನ್ನು ಒಂದು ಬೆರಳಿನಷ್ಟು ಮಾತ್ರ ತೆರೆದಿಟ್ಟು ಒಳಗಿನ ಗಾಳಿ ಹಸಿಯಾಗಿರುವಂತೆ ನೋಡಿಕೊಂಡೆವು. ಬಿರುಕು ಅಲ್ಲಿಗೆ ನಿಂತಿತು. 17ನೇ ತಾರೀಖು ಉಳಿದ 42 ಸಿಎಫ್‌ಟಿಯನ್ನೂ ಪ್ಲಾಸ್ಟಿಕ್ ಬಿಚ್ಚಿ ತಂದು ಗೂಡು ತುಂಬಿಸಿ, ಬಲೆ ತೆಗೆದೆವು. ಹಸಿ ಹಲಗೆ ತುಂಬಿದಷ್ಟೂ ಅದೇ ಬಿಡುವ ನೀರಿನಿಂದ ಗೂಡು ಹದವಾಗಿರುತ್ತದೆ. ಅರೆಬರೆ ತುಂಬಿದ ಗೂಡು ಹಲಗೆಯನ್ನು ಸುಡುತ್ತದೆ.

ಪೇರಿಸುವುದರ ಬಗ್ಗೆ ಆಚಾರ್ರದ್ದು ಬಹಳ ಕಟ್ಟುನಿಟ್ಟು. ಪ್ರತಿ ಪದರದ ನಡುವೆ ಮುಕ್ಕಾಲು ಇಂಚಿನ ರೀಪು, 16 ಇಂಚಿಗೆ ಒಂದರಂತೆ ಏಳು. ಎಲ್ಲ ರೀಪೂ ಒಂದೇ ದಪ್ಪ, ಚೆನ್ನಾಗಿ ಒಣಗಿದ್ದು. ಹಸಿ ರೀಪು ಇಟ್ಟರೆ ಹಲಗೆಯ ಮೇಲೆ ಕಪ್ಪು ಪಟ್ಟೆ ಉಳಿಯುತ್ತದೆ, ಕೀಸಿದರೂ ಹೋಗುವುದಿಲ್ಲ. ಕೆಳಗಿನಿಂದ ಮೇಲಿನವರೆಗೆ ರೀಪಿನ ಮೇಲೆ ರೀಪು ನೇರ ಬರಬೇಕು. ಒಂದು ಕಡೆ ನಾನು ಎರಡು ಇಂಚು ತಪ್ಪಿಸಿದ್ದೆ. ಅವರು ಮಾತಾಡದೆ ನಾಲ್ಕು ಪದರ ಇಳಿಸಿ ಮತ್ತೆ ಪೇರಿಸಿದರು. ಮೇಲೆ ಎಂಟು ಸೈಜುಗಲ್ಲು ಹೇರಿದೆವು, ಮೇಲಿನ ಹಲಗೆಗಳು ತಿರುಚಿಕೊಳ್ಳದಂತೆ.

ಬಾಗಿಲ ಮೇಲಿನ 2240

ಹಲಗೆ ಒಣಗಿದೆಯೇ ಎಂದು ತಿಳಿಯಲು ದೊಡ್ಡ ಯಂತ್ರ ಬೇಡ. ಅಡುಗೆಮನೆಯ ತಕ್ಕಡಿ, ಅತ್ತಿಗೆ ಕೇಕ್ ಮಾಡುವ ಓವನ್, ಇವೆರಡೇ ಸಾಕಾಯಿತು.

ಒಂದು ಹಲಗೆಯ ನಡುಭಾಗದಿಂದ ಎರಡೂವರೆ ಅಡಿಯ ತುಂಡು ಕತ್ತರಿಸಿದೆವು. ತುದಿಯಿಂದ ತೆಗೆಯಬಾರದು, ಅಲ್ಲಿ ಆಗಲೇ ಒಣಗಿರುತ್ತದೆ. ಅದರ ಎರಡು ಪಕ್ಕದಿಂದ ಒಂದೊಂದು ಇಂಚಿನ ಚೂರು ಕತ್ತರಿಸಿ ತೂಗಿದೆವು. ಒಂದೊಂದೂ 106 ಗ್ರಾಂ. ಓವನ್‌ನಲ್ಲಿ 103 ಡಿಗ್ರಿ ಸುಮಾರಿಗೆ ಇಟ್ಟು, ತೂಕ ಇಳಿಯುವುದು ನಿಲ್ಲುವವರೆಗೆ ಬಿಟ್ಟೆವು. ಮಾರನೇ ದಿನಕ್ಕೆ 67 ಗ್ರಾಂ. ಹೋದ ನೀರು 39 ಗ್ರಾಂ. ಮರದ ಲೆಕ್ಕದಲ್ಲಿ ನೀರನ್ನು ಒಣ ತೂಕದಿಂದಲೇ ಭಾಗಿಸಬೇಕು. 39ನ್ನು 67ರಿಂದ ಭಾಗಿಸಿದರೆ ಶೇ 58.

ದೊಡ್ಡ ತುಂಡಿನ ಹಸಿ ತೂಕ 3160 ಗ್ರಾಂ. ಶೇ 58 ನೀರು ಅಂದಮೇಲೆ ಒಣ ತೂಕ 2000. ಅಲ್ಲಿಂದ ಲೆಕ್ಕ ಸುಲಭ, 20 ಗ್ರಾಂ ಇಳಿದರೆ ಒಂದು ಶೇಕಡ ಇಳಿಯಿತು. ನಮಗೆ ಬೇಕಾದ್ದು ಶೇ 12, ಅಂದರೆ 2240 ಗ್ರಾಂ. ಆ ಅಂಕಿಯನ್ನು ಸೀಮೆಸುಣ್ಣದಲ್ಲಿ ಗೂಡಿನ ಬಾಗಿಲ ಮೇಲೆ ದೊಡ್ಡದಾಗಿ ಬರೆದೆ. ತುಂಡಿನ ತುದಿಗಳಿಗೆ ಪೇಂಟ್ ಬಳಿದು ಪೇರಿಕೆಯ ನಡುವೆ ಸುಲಭವಾಗಿ ಎಳೆಯುವಂತೆ ಇಟ್ಟೆವು. ಅಮ್ಮ ಕಣಕ್ಕೆ ಬಂದಾಗಲೆಲ್ಲ "ಇವತ್ತೆಷ್ಟು?" ಅಂತ ಕೇಳುತ್ತಿದ್ದರು.

ಒಂದು ವಾರಕ್ಕೆ 2860. ಎರಡು ವಾರಕ್ಕೆ 2620. ಮೇ ಮೊದಲ ವಾರ ಮೂರು ದಿನ ಸಂಜೆ ಗುಡುಗು ಮಳೆ, ಹಗಲೂ ಮೋಡ, ತಕ್ಕಡಿ ಅಲ್ಲಾಡಲಿಲ್ಲ. 25ನೇ ದಿನ 2420. 32ನೇ ದಿನ 2300. ಕೊನೆಯಲ್ಲಿ ಇಳಿಯುವುದು ಬಹಳ ನಿಧಾನ. ಆಗ ಕಿಂಡಿಗಳನ್ನು ಬಹುತೇಕ ಮುಚ್ಚಿ ಒಳಗಿನ ಬಿಸಿ ಏರಲು ಬಿಟ್ಟೆವು. ಈ ಹಂತದಲ್ಲಿ ಬಿಸಿ ಜಾಸ್ತಿಯಾದರೂ ಹಲಗೆಗೆ ಅಪಾಯ ಕಡಿಮೆ. 38ನೇ ದಿನ, ಮೇ 25ರ ಸಂಜೆ, ತಕ್ಕಡಿ 2240 ತೋರಿಸಿತು. ಇಡೀ ಗೂಡಿನಿಂದ ಎಷ್ಟು ನೀರು ಹೋಯಿತು ಅಂತ ಅಣ್ಣ ಲೆಕ್ಕ ಹಾಕಿದ. ಮುನ್ನೂರು ಲೀಟರಿಗೂ ಜಾಸ್ತಿ. ಅಷ್ಟು ನೀರು ತುಂಬಿದ ಮರದಲ್ಲಿ ನಾವು ಇಷ್ಟು ದಿನ ಮೇಜು ಮಾಡುತ್ತಿದ್ದೆವು.

ಹಾಳಾದದ್ದು ಮೊದಲ ಸಲ ತುಂಬಿದ್ದರಲ್ಲಿ ನಾಲ್ಕು ಹಲಗೆ, ಅದರಲ್ಲೂ ಮೇಲಿನ ಬಿರುಕು ಕೀಸಿ ತೆಗೆದು ಸ್ಟೂಲಿಗೆ ಬಳಸಿದೆವು. ತಿರುಳು ಸೇರಿದ ಮೂರು ಹಲಗೆ ಬಿಲ್ಲಿನ ಹಾಗೆ ಬಾಗಿದ್ದವು. ತಿರುಳಿನ ಹಲಗೆಯನ್ನು ಈಗ ಸಾಮಿಲ್ಲಿನಲ್ಲೇ ಬೇರೆ ಮಾಡುತ್ತೇವೆ.

ಮಳೆಗಾಲಕ್ಕೆ ಬಚ್ಚಲ ಗೋಡೆ

ಒಣಗಿಸಿದ್ದಾಯಿತು. ಜೂನ್‌ನಲ್ಲಿ ಮಳೆ ಹಿಡಿದರೆ ಇದೇ ಹಲಗೆ ಮತ್ತೆ ನೀರು ಹೀರುತ್ತದೆ, ಅಲ್ವಾ? ಗೂಡಿಗೆ ಬಿಸಿಲಿಲ್ಲ. ಎಲ್ಲಿಡುವುದು ಎಂದು ತಲೆ ಕೆಡಿಸಿಕೊಂಡಿದ್ದಾಗ ಆಚಾರ್ರು ಬಚ್ಚಲು ಮನೆ ತೋರಿಸಿದರು.

ಮಲೆನಾಡಿನ ಮನೆಯಲ್ಲಿ ಮಳೆಗಾಲದ ಹಂಡೆ ಒಲೆ ಆರುವುದಿಲ್ಲ. ಆ ಗೋಡೆಯ ಹಿಂದೆ ನಮ್ಮಲ್ಲಿ ಸೌದೆ ಕೋಣೆ ಇತ್ತು. ಗೋಡೆ ಮುಟ್ಟಿದರೆ ಯಾವಾಗಲೂ ಬೆಚ್ಚಗೆ. ಸೌದೆಯನ್ನು ಹೊರಗಿನ ಮಾಡಿಗೆ ಸಾಗಿಸಿ, ಕೋಣೆಯ ಹೆಂಚಿನ ಕೆಳಗೆ ಪ್ಲಾಸ್ಟಿಕ್ ಹೊದಿಸಿ, ಬಾಗಿಲ ಸಂದಿಗೆ ಗೋಣಿ ಬಡಿದು, ಹಲಗೆಯನ್ನೆಲ್ಲ ಅಲ್ಲಿಗೆ ತಂದೆವು. ಮಾದರಿ ತುಂಡನ್ನೂ ಜೊತೆಗೇ ಇಟ್ಟೆ. ಜುಲೈ ಕೊನೆಗೆ ತೂಗಿದಾಗ 2262. ಹೊರಗೆ ಶೆಡ್ಡಿನಲ್ಲಿ ಬಿಟ್ಟಿದ್ದ ಇನ್ನೊಂದು ತುಂಡು ಅಷ್ಟರಲ್ಲಿ ಶೇ 17 ದಾಟಿತ್ತು. ಈಗ ನಮ್ಮ ಕ್ರಮ ಹೀಗೆ, ಅವತ್ತಿಗೆ ಬೇಕಾದ ಹಲಗೆ ಮಾತ್ರ ಹೊರಗೆ ಬರುತ್ತದೆ. ಅರ್ಧ ಮುಗಿದ ಕೆಲಸವೂ ರಾತ್ರಿ ಒಳಗೆ ಹೋಗುತ್ತದೆ. ಹೊತ್ತು ಹೊತ್ತು ಬೆನ್ನು ನೋಯುತ್ತದೆ, ಆದರೂ ಬಿಡುವುದಿಲ್ಲ. ಮದ್ದು ಹಾಕಿದ ಹಲಗೆಯ ಚೂರನ್ನು ಮಾತ್ರ ಯಾವ ಒಲೆಗೂ ಹಾಕುವುದಿಲ್ಲ, ಬೇರೆ ಚೀಲದಲ್ಲಿ ಕಟ್ಟಿಡುತ್ತೇವೆ.

ಇಲ್ಲೇ ಇನ್ನೊಂದು ಮಾತು. ಸಿಲ್ವರ್ ಓಕ್‌ನ ಹೊಟ್ಟು ಕೆಲವರ ಮೈಗೆ ಆಗುವುದಿಲ್ಲ. ಅತ್ತಿಗೆಗೆ ಮುಂಗೈ, ಕುತ್ತಿಗೆ ಕೆಂಪಾಗಿ ಗುಳ್ಳೆ ಎದ್ದಿತು. ಸೆಕೆ ಅಂದುಕೊಂಡು ಒಂದು ತಿಂಗಳು ಸುಮ್ಮನಿದ್ದೆವು. ಈಗ ಉಜ್ಜುವಾಗ ಉದ್ದ ತೋಳಿನ ಅಂಗಿ, ಮಾಸ್ಕ್, ಮುಗಿದ ತಕ್ಷಣ ಸ್ನಾನ. ಗುಳ್ಳೆ ಮತ್ತೆ ಬಂದಿಲ್ಲ.

ಮೇಜು ವಾಪಸ್ ಬಂತು

ಸೀಳಿದ ಮೇಜನ್ನು ನಮ್ಮ ಖರ್ಚಿನಲ್ಲೇ ತರಿಸಿಕೊಂಡೆವು. ಮೂರು ವಾರ ಬಚ್ಚಲ ಕೋಣೆಯಲ್ಲಿಟ್ಟು, ತೂಕ ನಿಂತ ಮೇಲೆ ಬಿಚ್ಚಿದೆವು. ಸೀಳಿನ ಗುಂಟ ಗರಗಸ ಹಾಕಿ ಎರಡು ಭಾಗ ಮಾಡಿ, ಅಂಚು ಕೀಸಿ, ಹೊಸ ಹಲಗೆಯಿಂದ ಒಂದೂವರೆ ಇಂಚಿನ ಪಟ್ಟಿ ಸೇರಿಸಿ ಅಂಟಿಸಿದೆವು. ಪಟ್ಟಿ ಸ್ವಲ್ಪ ತಿಳಿಬಣ್ಣ. ಅದನ್ನು ಮುಚ್ಚಲು ಬಣ್ಣ ಹಚ್ಚಬೇಕೇ ಅಂತ ಫೋನ್ ಮಾಡಿ ಕೇಳಿದೆ. ಬೇಡ, ಹಾಗೇ ಇರಲಿ ಅಂದರು.

ಮೇಲಿನ ಹಲಗೆಯನ್ನು ಚೌಕಟ್ಟಿಗೆ ಹೇಗೆ ಹಿಡಿಸುವುದು? ಆಚಾರ್ರು ನನ್ನನ್ನು ಹೊರಗೆ ಕರೆದು ನಮ್ಮ ಮನೆಯ ಮುಂಬಾಗಿಲು ತೋರಿಸಿದರು. ನಾನು ಹುಟ್ಟುವ ಮೊದಲು ಅವರೇ ಮಾಡಿದ್ದು. "ಈ ನಡುವಿನ ಹಲಗೆಗೆ ಮೊಳೆ ಎಲ್ಲಿದೆ, ಅಂಟು ಎಲ್ಲಿದೆ ತೋರಿಸು" ಅಂದರು. ಎಲ್ಲೂ ಇರಲಿಲ್ಲ. ಹಲಗೆ ಚೌಕಟ್ಟಿನ ಗಾಡಿಯೊಳಗೆ, ಅಂದರೆ ಉದ್ದಕ್ಕೆ ಕೊರೆದ ಸಂದಿಯೊಳಗೆ, ಸುಮ್ನೆ ಕೂತಿದೆ, ಮಳೆಗಾಲದಲ್ಲಿ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ, ಹೊರಗಿನಿಂದ ನೋಡುವವರಿಗೆ ಏನೂ ಗೊತ್ತಾಗುವುದಿಲ್ಲ. ದಿನಕ್ಕೆ ಹತ್ತು ಸಲ ಆ ಬಾಗಿಲು ದಾಟುತ್ತೇನೆ. ಅವತ್ತೇ ಅದನ್ನು ನೋಡಿದ್ದು.

ಮೇಜಿಗೂ ಅದನ್ನೇ ಮಾಡಿದೆವು. ಚೌಕಟ್ಟಿನ ಒಳಮೈಗೆ ಗಾಡಿ ಕೊರೆದು, ಎಂಟು ಮರದ ಬಿಲ್ಲೆ ಮಾಡಿ, ಬಿಲ್ಲೆಯ ನಾಲಿಗೆ ಗಾಡಿಯೊಳಗೆ, ಸ್ಕ್ರೂ ಮೇಲಿನ ಹಲಗೆಗೆ. ಎರಡು ಪಕ್ಕಕ್ಕೂ ಐದೈದು ಮಿಲಿಮೀಟರ್ ಸರಿಯಲು ಜಾಗ. ನಡುವಿನಲ್ಲಿ ಮಾತ್ರ ಒಂದು ಕಡೆ ಗಟ್ಟಿ ಬಿಗಿತ. ಪಾಲಿಷ್ ಮೇಲೆ ಎಷ್ಟು ಕೋಟೋ ಕೆಳಗಡೆಯೂ ಅಷ್ಟೇ. ಕೆಳಮೈ ಬರಿದಾಗಿ ಬಿಟ್ಟರೆ ಒಂದೇ ಕಡೆಯಿಂದ ತೇವ ಓಡಾಡಿ ಹಲಗೆ ತಟ್ಟೆಯ ಹಾಗೆ ಬಾಗುತ್ತದೆ.

ಸೆಪ್ಟೆಂಬರ್‌ನಲ್ಲಿ ಕಳಿಸುವ ಮುಂಚೆ ಅಗಲ ಅಳೆದು ಕೆಳಗಡೆ ಪೆನ್ಸಿಲಿನಲ್ಲಿ ಬರೆದೆ, 914 ಮಿಲಿಮೀಟರ್. ವರ್ಷಕ್ಕೆ ಎರಡು ಸಲ ಅಳೆದು ತಿಳಿಸಿ ಅಂತ ಆ ಮನೆಯವರನ್ನು ಕೇಳಿಕೊಂಡೆ. ಅವರ ಮನೆಯ ಹುಡುಗಿ ಆ ಕೆಲಸ ವಹಿಸಿಕೊಂಡಿದ್ದಾಳೆ. ಈ ಮಾರ್ಚ್‌ನಲ್ಲಿ 909 ಅಂತ ಕಳಿಸಿದಳು. ಐದು ಮಿಲಿಮೀಟರ್ ಕುಗ್ಗಿದೆ, ಎಲ್ಲೂ ಬಿರುಕಿಲ್ಲ.

ನಾವೀಗ ಡಿಸೆಂಬರ್, ಜನವರಿಯಲ್ಲಿ ಆರ್ಡರ್ ತೆಗೆದುಕೊಳ್ಳುವುದಿಲ್ಲ. ಆಗ ಮನೆಯವರೆಲ್ಲ ಕೊಯ್ಲಿನಲ್ಲಿ ಇರುತ್ತೇವೆ, ಗೂಡು ಖಾಲಿ ಇರುತ್ತದೆ, ಅಣ್ಣ ಅದರೊಳಗೆ ಮೆಣಸು ಒಣಗಿಸಬಹುದಾ ಅಂತ ಕೇಳುತ್ತಿದ್ದಾನೆ. ಬೋರಾನ್ ಹಲಗೆ ಇದ್ದ ಜಾಗದಲ್ಲಿ ತಿನ್ನುವ ಪದಾರ್ಥ ಬೇಡ ಅಂತ ನಾನು ಒಪ್ಪಿಲ್ಲ. ಅವನಿಗೆ ಬೇಕಿದ್ದರೆ ಪಕ್ಕದಲ್ಲಿ ಬೇರೆಯೇ ಒಂದು ಕಟ್ಟಿಕೊಡುತ್ತೇನೆ, ಕಂಬಕ್ಕೆ ಆಗುವಷ್ಟು ಮರ ಇದೆ. ಈ ವರ್ಷದ ನಾಲ್ಕು ಮರ ಸೀಳಿ ಪ್ಲಾಸ್ಟಿಕ್ಕಿನೊಳಗೆ ಮೂರನೇ ವಾರ. ಸೂರಿನ ಹಾಳೆ ಪಶ್ಚಿಮದ ಮೂಲೆಯಲ್ಲಿ ಕಪಿ ಹಾರಿ ಹರಿದಿದೆ, ಗೂಡು ತುಂಬುವ ಮೊದಲು ಅದಕ್ಕೆ ತೇಪೆ ಹಾಕಬೇಕು.